ಕಾಂಟೆಸಾದ ಎಸಿ ತೆಗೆಸುವ ವಿಚಾರ

ನನಗೆ ಸಂಶಯ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನೀವು ಅಣ್ಣಿಗೇರಿಗೆ ಬಂದರೆ, ಸ್ಟೇಶನ್ನಿನಿಂದ ನಮ್ಮ ಮನೆ ಮುಟ್ಟುವುದರೊಳಗೆ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬ್ಯಾಂಕಿನಲ್ಲಿ ಕೂತು ಚೆಕ್ಕಿನ ಮೇಲಿರುವ ಸಹಿಯನ್ನೂ ದಾಖಲೆಯಲ್ಲಿರುವ ಸಹಿಯನ್ನೂ ಹೋಲಿಸಿ ನೋಡುವುದು ನನ್ನ ಕೆಲಸ. ವರ್ಷಾನುಗಟ್ಟಲೆ ಅದನ್ನೇ ಮಾಡಿದವನಿಗೆ ಮನುಷ್ಯರ ಮುಖ ಕಂಡರೂ ಇದು ಅಸಲಿಯೋ ನಕಲಿಯೋ ಎಂದು ಅನಿಸದೆ ಇರುವುದಿಲ್ಲ. ಯಾರಾದರೂ ‘ಆರಾಮ ಇದ್ದೀರೇನ್ರಿ’ ಎಂದು ಕೇಳಿದರೆ, ಇವನು ಇವತ್ತೇ ಯಾಕೆ ಕೇಳಿದ ಎಂದು ಸಂಜೆಯವರೆಗೆ ಯೋಚಿಸುತ್ತೇನೆ. ಸಂತೆಯಲ್ಲಿ ಬದನೆಕಾಯಿಯವಳು ಒಂದು ಕಾಯಿ ಹೆಚ್ಚಿಗೆ ಹಾಕಿದರೆ, ಆ ಒಂದನ್ನು ಮೊದಲು ಕೊಯ್ದು ನೋಡಿ ಎಂದು ಮನೆಯಲ್ಲಿ ಹೇಳುತ್ತೇನೆ. ಒಮ್ಮೆ ಅದರೊಳಗೆ ನಿಜಕ್ಕೂ ಹುಳ ಇತ್ತು. ಆ ಒಂದು ಹುಳದ ಬಲದ ಮೇಲೆ ನಾನು ಇವತ್ತಿಗೂ ಬದುಕಿದ್ದೇನೆ.

ಇಂಥವನ ಬಳಿ ಒಂದು ಕಾಂಟೆಸಾ ಕಾರಿದೆ. ನವಲಗುಂದದ ಹತ್ತಿ ವ್ಯಾಪಾರಿಯೊಬ್ಬರು ಮುದ್ದಿನಿಂದ ಸಾಕಿ ನನಗೆ ಕೊಟ್ಟ ಹಳೆಯ ಗಾಡಿ. ಉದ್ದನೆಯ ಮೂತಿ, ಅಗಲವಾದ ಬೆನ್ನು, ನಿಂತಲ್ಲೇ ಹೊರಟಂತೆ ಕಾಣುವ ಗತ್ತು. ಅಮೆರಿಕದಲ್ಲಿ ಇಂಥ ಕಾರುಗಳಿಗೆ ಮಸಲ್ ಕಾರ್ ಅನ್ನುತ್ತಾರಂತೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪೈಲ್ವಾನ್ ಗಾಡಿ. ನಾನು ಬ್ಯಾಂಕಿಗೆ ಹೋಗುವುದು ಸ್ಕೂಟರಿನ ಮೇಲೆ. ಪೈಲ್ವಾನ ಹಿತ್ತಲಿನ ಬೇವಿನ ಗಿಡದ ಕೆಳಗೆ ನಿಂತಿರುತ್ತಾನೆ, ರವಿವಾರ ಒಮ್ಮೆ ಹೊರಗೆ ಬರುತ್ತಾನೆ. ಬಾಜು ಹಿಟ್ಟಿನ ಗಿರಣಿ ಇರುವುದರಿಂದ ದಿನವೂ ಗಾಡಿಯ ಮೇಲೆ ತೆಳ್ಳಗೆ ಜೋಳದ ಹಿಟ್ಟು ಕೂರುತ್ತದೆ. ಬೆಳಿಗ್ಗೆ ಎದ್ದು ಒರೆಸುವವನು ನಾನೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮದು ಕೂಡಿದ ಮನೆ. ಅವ್ವ, ಕಾಳುಕಡಿ ದಲಾಲಿಯ ಅಡತಿ ಅಂಗಡಿ ನಡೆಸುವ ಅಣ್ಣ, ವೈನಿ, ಅವರ ಮಕ್ಕಳು, ನಾನು, ನನ್ನ ಹೆಂಡತಿ ಗಿರಿಜಾ, ಇದರ ಮೇಲೆ ದಿನಬೆಳಗಾದರೆ ಬಂದು ಹೋಗುವ ಮಂದಿ. ಇಷ್ಟು ಜನರಲ್ಲಿ ಒಬ್ಬರೂ ಆ ಕಾರಿನ ಹತ್ತಿರ ಸುಳಿಯುವುದಿಲ್ಲ. ಬಾಗಿಲ ಮೇಲೆ ಬೆರಳಿನ ಗುರುತು ಬಿದ್ದರೆ ನಾನು ಎಲ್ಲರನ್ನೂ ಪಡಸಾಲೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುತ್ತೇನೆಂದು ಅವರಿಗೆ ಗೊತ್ತು. ಒಂದು ಬೀಗದ ಕೈ ನನ್ನ ಕಿಸೆಯಲ್ಲಿರುತ್ತದೆ. ಇನ್ನೊಂದನ್ನು ಯಾರ ಕೈಗೂ ಸಿಗಬಾರದೆಂದು ದೇವರ ಜಗಲಿಯ ಹಿಂದೆ ಬಚ್ಚಿಟ್ಟಿದ್ದೇನೆ. ದೇವರ ಹಿಂದೆ ಕೈ ಹಾಕುವ ಧೈರ್ಯ ಯಾವ ಕಳ್ಳನಿಗಿದೆ?

ಇನ್ನು ಎಸಿ ವಿಚಾರ. ಅದನ್ನು ಹಿಂದಿನ ಯಜಮಾನರು ತಮ್ಮ ಸುಖಕ್ಕೆಂದು ಆಮೇಲೆ ಕೂರಿಸಿದ್ದು. ಬಾನೆಟ್ ಎತ್ತಿದರೆ ಇಂಜಿನ್ನಿನ ಮಗ್ಗುಲಿಗೆ ಕಂಪ್ರೆಸರ್ ಎಂಬ ಕಬ್ಬಿಣದ ಗಡ್ಡೆಯೊಂದು ಪೈಪುಗಳ ಸಮೇತ ಠಿಕಾಣಿ ಹೂಡಿದೆ. ಅದು ತಿರುಗುವುದು ಇಂಜಿನ್ನಿನ ಕಸುವಿನಿಂದಲೇ. ಹೀಗಾಗಿ ಎಸಿ ಹಾಕಿಕೊಂಡು ರಸ್ತೆಗೆ ಇಳಿದರೆ, ಪೈಲ್ವಾನನ ಹೆಗಲ ಮೇಲೆ ಜೋಳದ ಚೀಲ ಹೊರಿಸಿ ಕುಸ್ತಿಗೆ ಬಿಟ್ಟಂತೆ ಆಗುತ್ತದೆ. ಒಂದು ರವಿವಾರ ನವಲಗುಂದ ರಸ್ತೆಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಅದರ ಡ್ರೈವರು ತಿರುಗಿ ನೋಡಿ ನಗಲಿಲ್ಲ, ಪಾಪ ಅನ್ನುವಂತೆ ನೋಡಿದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಹುಬ್ಬಳ್ಳಿ ಕಡೆಯ ಹಳೆ ಕಾರಿನವರದೊಂದು ವಾಟ್ಸಾಪ್ ಗುಂಪಿದೆ, ಅಲ್ಲಿ ನನ್ನ ದುಃಖ ತೋಡಿಕೊಂಡೆ. ಎಸಿ ಕಿತ್ತು ಹಾಕಿ, ಗಾಡಿ ಹಗುರಾಗುತ್ತದೆ, ಮೂಲ ರೂಪಕ್ಕೆ ಬರುತ್ತದೆ ಎಂದು ಅರ್ಧ ಮಂದಿ ಹೇಳಿದರು. ನಮ್ಮ ಬಿಸಿಲಿನಲ್ಲಿ ಎಸಿ ಇಲ್ಲದೆ ಕೂತರೆ ನೀವೇ ಬೆಂದು ಹೋಗುತ್ತೀರಿ ಎಂದು ಉಳಿದರ್ಧ ಮಂದಿ ಹೇಳಿದರು. ಕಿತ್ತು ಹಾಕಿ ಅಂದವರಲ್ಲಿ ಒಬ್ಬರು ನನಗೆ ಬೇರೆಯಾಗಿ ಸಂದೇಶ ಕಳಿಸಿ, ಕಿತ್ತ ಮೇಲೆ ಆ ಕಂಪ್ರೆಸರ್ ಏನು ಮಾಡುತ್ತೀರಿ ಎಂದು ಕೇಳಿದರು. ಅವರ ಬಂಡವಾಳ ಗೊತ್ತಾಯಿತು. ಇರಲಿ ಬಿಡಿ ಅಂದವರನ್ನಾದರೂ ನಂಬೋಣವೆಂದರೆ, ತಮ್ಮ ಗಾಡಿಗಳೇ ನನ್ನದಕ್ಕಿಂತ ಜೋರಾಗಿ ಓಡಲಿ ಎಂಬ ಆಸೆ ಅವರಿಗೂ ಇರಬಹುದಲ್ಲ. ಕಡೆಗೆ ಟ್ರ್ಯಾಕ್ಟರ್ ಡ್ರೈವರನ ಮುಖ ನೆನಪಿಸಿಕೊಂಡು ಎಸಿ ತೆಗೆಸುವುದೆಂದು ನಿರ್ಧಾರ ಮಾಡಿದೆ.

‘ರವಿವಾರ ದಾವಲ್‌ಸಾಬ್‌ನ್ನ ಕರಸ್ತೀನಿ. ಎಸಿ ತಗಸಿ ಒಗದಬಿಡ್ತೀನಿ’ ಎಂದು ಊಟಕ್ಕೆ ಕೂತಾಗ ಸಾರಿದೆ. ದಾವಲ್‌ಸಾಬ್ ನಮ್ಮೂರ ಮೆಕ್ಯಾನಿಕ್. ಅಣ್ಣ ರೊಟ್ಟಿ ಮುರಿಯುತ್ತ ‘ತಗಸಪಾ, ಯಾರ ಬ್ಯಾಡಂತಾರ’ ಅಂದ. ಪಲ್ಯ ಬಡಿಸುತ್ತಿದ್ದ ಗಿರಿಜಾಳ ಕೈ ಅಲ್ಲೇ ನಿಂತಿತು.

‘ಯಾಕ್ರಿ?’ ಅಂದಳು.

‘ಇಂಜಿನ್‌ಗೆ ಭಾರ ಆಗತೈತಿ.’

‘ವಾರಾ ಪೂರ್ತಿ ನಿಂತಿರೂ ಗಾಡಿಗೆ ಏನ ಭಾರ ಆಗತೈತ್ರಿ? ಇದ್ದರ ಇರಲಿ ಬಿಡ್ರಿ.’

ಮದುವೆಯಾದಂದಿನಿಂದ ಈಕೆ ಕಾರಿನ ಬಗ್ಗೆ ಒಂದು ಮಾತು ಕೇಳಿದವಳಲ್ಲ. ಹೆಡ್‌ಲೈಟಿಗೆ ಇವತ್ತಿಗೂ ‘ಗಾಡಿ ಕಣ್ಣು’ ಅನ್ನುತ್ತಾಳೆ. ಅಂಥವಳು ಇಂಜಿನ್ನಿನ ಭಾರದ ಬಗ್ಗೆ ವಾದಕ್ಕೆ ನಿಲ್ಲುತ್ತಾಳೆಂದರೆ ಇದರ ಹಿಂದೆ ಏನೋ ಇರಬೇಕು. ಅವಳ ತವರು ತಿರ್ಲಾಪುರದಲ್ಲಿ ಮದುವೆ ಗೊತ್ತಾಗಿರಬೇಕು, ಮದುಮಗಳ ಮುಖದ ಬಣ್ಣ ಬೆವರಿಗೆ ಕರಗದ ಹಾಗೆ ಕರೆತರಲು ನನ್ನ ತಂಪು ಗಾಡಿಯ ಮೇಲೆ ಕಣ್ಣು ಬಿದ್ದಿರಬೇಕು ಎಂದುಕೊಂಡೆ. ಮರುದಿನ ಅವಳ ತಂಗಿಗೆ ಫೋನು ಹಚ್ಚಿ ಊರಿನ ಸಮಾಚಾರ ಎಲ್ಲ ವಿಚಾರಿಸಿ, ಮೆಲ್ಲಗೆ ‘ಮನ್ಯಾಗ ಏನರ ಕಾರ್ಯ ಐತೇನ?’ ಅಂದೆ. ‘ಏನೂ ಇಲ್ಲಲ್ರಿ ಮಾಮಾ’ ಅಂದಳು. ಅಷ್ಟು ಲಗುಬಗೆಯಲ್ಲಿ ಯಾಕೆ ಅಂದಳು?

ದಾವಲ್‌ಸಾಬ್‌ನ ಗ್ಯಾರೇಜಿಗೆ ಹೋದರೆ ಅಲ್ಲಿ ಇನ್ನೊಂದು ಆಶ್ಚರ್ಯ. ಈತ ವೈಪರ್ ರಬ್ಬರು ಹಾಕು ಎಂದರೆ ಇಂಜಿನ್ ಇಳಿಸೋಣವೇ ಎಂದು ಕೇಳುವ ಮನುಷ್ಯ. ಅಂಥವನು ಎಸಿ ತೆಗೆಯುವ ಕೆಲಸ ಕೊಟ್ಟರೆ ಬ್ಯಾಡ ಅನ್ನುತ್ತಾನೆ. ‘ಇರಲಿ ಬಿಡ್ರಿ ಸಾಹೇಬ್ರ. ಮೊನ್ನೆರ ಗ್ಯಾಸ್ ತುಂಬೇತಿ, ಅಗದಿ ಚಲೋ ತಂಪ ಕೊಡಾಕತ್ತೈತಿ’ ಅಂದ. ನಾನು ಗ್ಯಾಸ್ ತುಂಬಿಸಿಯೇ ಇರಲಿಲ್ಲ. ‘ಯಾರ ತುಂಬಸಿದ್ರು?’ ಎಂದು ಕೇಳಿದೆ. ಅವನು ಒಂದು ಸಲ ಆಕಾಶ ನೋಡಿದ, ಒಂದು ಸಲ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ನೋಡಿದ. ‘ಹಂಗಲ್ರಿ, ತುಂಬಿರಬೇಕು ಅಂದೆ. ರವಿವಾರ ಬರ್ತೀನಿ ತಗೋರಿ’ ಎಂದು ಯಾವುದೋ ಟ್ರ್ಯಾಕ್ಸ್ ಗಾಡಿಯ ಕೆಳಗೆ ನುಸುಳಿಬಿಟ್ಟ. ನಾನು ಎಷ್ಟು ಹೊತ್ತು ನಿಂತರೂ ಹೊರಗೆ ಬರಲಿಲ್ಲ.

ಅವತ್ತಿನಿಂದ ನಾನು ಕಾರನ್ನು ಚೆಕ್ಕು ನೋಡುವ ಕಣ್ಣಿನಿಂದ ನೋಡತೊಡಗಿದೆ. ಓಡಿದ ಕಿಲೋಮೀಟರಿನ ಅಂಕಿ ಇದ್ದಲ್ಲೇ ಇತ್ತು, ಆದರೆ ಪೆಟ್ರೋಲಿನ ಮುಳ್ಳು ಇಳಿದಿತ್ತು. ಮುಂದಿನ ಸೀಟಿನ ಬೆನ್ನು ಹಿಂದಕ್ಕೆ ವಾಲಿತ್ತು. ಕಾಲ ಬುಡದ ಚಾಪೆಯ ಮೇಲೆ ಶೇಂಗಾದ ಸಿಪ್ಪೆ ಬಿದ್ದಿತ್ತು. ಬೀಗ ತೆಗೆದು ಒಳಗೆ ಹೊಕ್ಕು, ಇಂಜಿನ್ ಶುರು ಮಾಡಿ, ಎಲ್ಲಿಗೂ ಹೋಗದೆ ಶೇಂಗಾ ತಿಂದು ಬಾಗಿಲು ಹಾಕಿಕೊಂಡು ಹೋಗುವ ಕಳ್ಳ ಎಂಥವನಿರಬಹುದು? ಒಂದು ಬಲೆ ಹೂಡಿದೆ. ಬೆಳಿಗ್ಗೆ ಗಾಡಿ ಒರೆಸಿ, ಬಾಗಿಲ ಹಿಡಿಯ ಸಂದಿನಲ್ಲಿ ಒಂದು ಜೋಳದ ಕಾಳು ಇಟ್ಟು ಬ್ಯಾಂಕಿಗೆ ಹೋದೆ. ಸಂಜೆ ಬಂದು ನೋಡಿದರೆ ಕಾಳು ಇತ್ತು. ಆದರೆ ಅದು ಜೋಳದ ಕಾಳಲ್ಲ, ಕಡಲೆಕಾಳು.

ಕಡಲೆ ಅಂದಮೇಲೆ ಅಡತಿ ಅಂಗಡಿ. ಅಂಗಡಿಯ ಹಮಾಲರಲ್ಲಿ ಯಾರೋ ಒಬ್ಬ ಮಧ್ಯಾಹ್ನದ ನಿದ್ದೆಗೆ ನನ್ನ ಗಾಡಿ ಬಳಸುತ್ತಿದ್ದಾನೆಂದು ಖಾತ್ರಿಯಾಯಿತು. ಕಡಲೆಕಾಳನ್ನು ಕಾಗದದಲ್ಲಿ ಸುತ್ತಿಕೊಂಡು ಅಣ್ಣನ ಅಂಗಡಿಗೆ ಹೋದೆ. ಒಂದೊಂದು ಚೀಲದಿಂದಲೂ ಚಿಟಿಕೆ ಕಾಳು ತೆಗೆದು, ಕನ್ನಡಕ ಏರಿಸಿ, ನನ್ನ ಕಾಳಿನೊಂದಿಗೆ ಹೋಲಿಸಿ ನೋಡಿದೆ. ಬಣ್ಣ ಕೂಡಿದರೆ ಮೂತಿ ಕೂಡುತ್ತಿರಲಿಲ್ಲ, ಮೂತಿ ಕೂಡಿದರೆ ಬಣ್ಣ ಕೂಡುತ್ತಿರಲಿಲ್ಲ. ಅಣ್ಣ ಬಹಳ ಹೊತ್ತು ನೋಡಿದ. ‘ಏನೋ, ಬ್ಯಾಂಕ್ ಬಿಟ್ಟೇನು? ವ್ಯಾಪಾರ ಮಾಡಾಂವ ಏನು?’ ಎಂದು ಕೇಳಿದ. ‘ಇಲ್ಲ, ಸುಮ್ಮನ ನೋಡಾಕತ್ತೀನಿ’ ಅಂದೆ. ಅವನಿಗೂ ನನ್ನ ಮೇಲೆ ಸಂಶಯ ಬಂದದ್ದು ಅವನ ಮುಖದಲ್ಲಿ ಕಂಡಿತು. ಒಂದೇ ತಾಯಿಯ ಮಕ್ಕಳಲ್ಲವೇ.

ಶನಿವಾರ ತಲೆನೋವು ಎಂದು ಹೇಳಿ ಮಧ್ಯಾಹ್ನವೇ ಬ್ಯಾಂಕಿನಿಂದ ಹೊರಬಿದ್ದೆ. ಸ್ಕೂಟರನ್ನು ಓಣಿಯ ತುದಿಯಲ್ಲೇ ನಿಲ್ಲಿಸಿ, ಗಿರಣಿಯ ಮಗ್ಗುಲಿನಿಂದ ನಮ್ಮ ಹಿತ್ತಲಿಗೆ ಕಳ್ಳನಂತೆ ಹೊಕ್ಕೆ. ಗಿರಣಿ ಭೋರೆಂದು ತಿರುಗುತ್ತಿತ್ತು. ಆ ಸದ್ದಿನಲ್ಲಿ ನನ್ನ ಪೈಲ್ವಾನ ಸಣ್ಣಗೆ ನಡುಗುತ್ತ ನಿಂತಿದ್ದ. ಗಾಜುಗಳೆಲ್ಲ ಏರಿದ್ದವು. ಎಸಿಯಿಂದ ತೊಟ್ಟಿಕ್ಕಿದ ನೀರು ಕೆಳಗೆ ನಿಂತು, ಒಂದು ಕೋಳಿ ಅದನ್ನು ಕುಡಿಯುತ್ತಿತ್ತು. ಬಗ್ಗಿ ಒಳಗೆ ನೋಡಿದೆ. ಗಿರಿಜಾ. ಸೀಟು ಹಿಂದಕ್ಕೆ ಒರಗಿಸಿ, ನಾನು ಕೈ ಕೂಡ ಇಡಗೊಡದ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕಾಲು ಚಾಚಿ, ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಬೇವಿನ ಗಿಡ ನೋಡುತ್ತಿದ್ದಳು. ನಿದ್ದೆಯಿಲ್ಲ, ಕೈಯಲ್ಲಿ ಫೋನಿಲ್ಲ. ಅಷ್ಟರಲ್ಲಿ ಅಡಿಗೆಮನೆಯಿಂದ ವೈನಿ ‘ಗಿರಿಜಾ, ಹಾಲ ಕಾಸೀಯೇನ?’ ಎಂದು ಕೂಗಿದರು. ಪಡಸಾಲೆಯಿಂದ ಅವ್ವ ‘ಗಿರಿಜಾ, ನನ್ನ ಚಸ್ಮಾ ಎಲ್ಲಿಟ್ಟಿ?’ ಅಂದಳು. ಅಟ್ಟದ ಮೇಲಿಂದ ಅಣ್ಣನ ಮಗಳು ‘ಚಿಗವ್ವಾ’ ಎಂದು ರಾಗ ಎಳೆದಳು. ಒಳಗೆ ಕೂತವಳ ಕಣ್ಣು ಮಿಟುಕಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ಗಾಜು ತಟ್ಟಿದೆ. ಅವಳು ಬೆಚ್ಚಲಿಲ್ಲ. ನಾಲ್ಕು ಬೆರಳು ಹಿಡಿಸುವಷ್ಟು ಗಾಜು ಇಳಿಸಿ, ‘ಲಗೂನ ಹೇಳ್ರಿ, ತಂಪ ಹೊರಗ ಹೋಗತೈತಿ’ ಅಂದಳು.

‘ಏನ ಮಾಡಾಕತ್ತಿ ಇಲ್ಲಿ?’

‘ಏನೂ ಇಲ್ಲ.’

‘ಏನೂ ಇಲ್ಲ ಅಂದ್ರ?’

‘ಏನೂ ಇಲ್ಲ ಅಂದ್ರ ಏನೂ ಇಲ್ಲ. ಅದನ್ನ ಮಾಡಾಕ ಬಂದೀನಿ.’

‘ಅದನ್ನ ಮಾಡಾಕ ಮನ್ಯಾಗ ಜಾಗಾ ಇಲ್ಲೇನು?’

‘ನಾ ಹಾಕ್ಕೊಂಡ್ರ ಯಾರೂ ಬಡೀಲಾರದ ಬಾಗಲಾ ಒಂದು ತೋರಸ್ರಿ ಆ ಮನ್ಯಾಗ. ಬಚ್ಚಲ ಬಾಗಲಾನೂ ಬಡಿತಾರ. ಯಾರೋ ಯಾಕ, ನೀವ ಬಡಿತೀರಿ, ಪಂಚೆ ಎಲ್ಲೈತಿ ಅಂತ. ಈ ಗಾಡಿ ಬಾಗಲಾ ಮಾತ್ರ ಒಬ್ಬರೂ ಮುಟ್ಟೂದಿಲ್ಲ. ಎಲ್ಲಾರಿಗೂ ನಿಮ್ಮ ಅಂಜಿಕಿ. ಅದಕ್ಕ ಇಲ್ಲಿ ಬಂದೀನಿ.’

ಬ್ಯಾಂಕಿನವನು ಮಾಡುವ ಹಾಗೆ ನಾನು ತನಿಖೆ ಶುರು ಮಾಡಿದೆ. ಬೀಗದ ಕೈ ಎಲ್ಲಿ ಸಿಕ್ಕಿತು? ‘ದೇವರ ಜಗಲಿ ದಿನಾ ಒರಸಾಕಿ ಯಾರ್ರಿ?’ ಅಂದಳು. ಗ್ಯಾಸ್? ‘ದಾವಲ್‌ಸಾಬಗ ನಾನ ಹೇಳಿದ್ದೆ. ನಿಮಗ ಹೇಳಬ್ಯಾಡ ಅಂತನೂ ಹೇಳಿದ್ದೆ.’ ಮತ್ತೆ ಆ ಕಡಲೆಕಾಳು? ‘ಬಾಗಲಾ ತಗದಾಗ ನಿಮ್ಮ ಜ್ವಾಳದ ಕಾಳ ಬಿದ್ದ ಕಳದಹೋತು. ಕಡಲಿ ಹಸನ ಮಾಡಿ ಬಂದಿದ್ದೆ, ಸೆರಗಿನ್ಯಾಗ ಒಂದ ಕಾಳ ಸಿಕ್ಕಿತ್ತು. ಕಾಳ ಇಲ್ಲಂದ್ರ ನಿಮಗ ರಾತ್ರಿ ನಿದ್ದಿ ಹತ್ತೂದಿಲ್ಲ ಅಂತ ಅದನ್ನ ಇಟ್ಟೆ.’ ಅಷ್ಟು ಹೇಳಿ ಕಾಲು ಕೆಳಗಿಳಿಸಿದಳು. ‘ಎಸಿ ತಗಸಿದ್ರ ಗ್ಲಾಸ್ ಇಳಸಬೇಕಾಗತೈತಿ. ಇಳಸಿದ್ರ ಕೂಗೂದು ಕೇಳತೈತಿ. ಕೇಳಿದ ಮ್ಯಾಲ ಹೋಗದ ಕುಂದ್ರಾಕ ನನ್ನ ಕಡಿಂದ ಆಗೂದಿಲ್ರಿ. ಬ್ಯಾರೇ ಏನೂ ಕೇಳಿಲ್ಲ ನಿಮ್ಮನ್ನ. ಇದೊಂದು ಬಿಡ್ರಿ’ ಅಂದಳು. ಕಡೆಯ ಮಾತು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಅಥವಾ ಇಂಜಿನ್ನು ನಡುಗುತ್ತಿದ್ದದ್ದರಿಂದ ಹಾಗೆ ಕೇಳಿಸಿತೋ ಏನೋ. ನನಗಂತೂ ಕೆಟ್ಟದೆನಿಸಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಗಾಜು ಏರಿಸಿಕೋ ಎಂದು ಕೈಸನ್ನೆ ಮಾಡಿದೆ.

ರವಿವಾರ ದಾವಲ್‌ಸಾಬ್ ಪಾನಾಗಳ ಚೀಲ ಹೊತ್ತು ಬಂದ. ಅವನಿಗೆ ಚಹಾ ಕುಡಿಸಿ, ಎಸಿ ಈ ಗಾಡಿಯ ಚರಿತ್ರೆಯ ಒಂದು ಭಾಗ, ಅದನ್ನು ಕೀಳುವುದು ಸರಿಯಲ್ಲ ಎಂದು ತಿಳಿಹೇಳಿದೆ. ‘ಹೌದ್ರಿ ಸಾಹೇಬ್ರ’ ಎಂದು ನಕ್ಕ. ಆ ನಗು ನನಗೆ ಸೇರಲಿಲ್ಲ. ವಾಟ್ಸಾಪ್ ಗುಂಪಿಗೂ ಅದೇ ಧಾಟಿಯಲ್ಲಿ ಉದ್ದನೆಯ ಸಂದೇಶ ಬರೆದೆ. ಕಂಪ್ರೆಸರ್ ಕೇಳಿದವರು ಮಾತ್ರ ಮೆಚ್ಚುಗೆಯ ಹೆಬ್ಬೆರಳು ಒತ್ತಲಿಲ್ಲ. ಟ್ರ್ಯಾಕ್ಟರುಗಳು ಈಗಲೂ ನನ್ನನ್ನು ಹಿಂದೆ ಹಾಕಿ ಹೋಗುತ್ತವೆ. ನಾನು ಆ ಹೊತ್ತಿಗೆ ಬೇಕೆಂದೇ ಎಡಗಡೆಯ ಹೊಲ ನೋಡುತ್ತೇನೆ.

ಈಗ ನಾನು ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತೇನೆ. ಉಂಡಾದ ಮೇಲೆ ಬೇವಿನ ಬುಡದ ಕಲ್ಲಿನ ಮೇಲೆ ಕೂತು, ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಗಾಡಿ ಕಾಯುತ್ತೇನೆ. ವೈನಿ ಹುಡುಕಿಕೊಂಡು ಬಂದರೆ ‘ಹತ್ತರ ಬರಬ್ಯಾಡ್ರಿ ವೈನಿ, ಈಗ ಪಾಲಿಶ್ ಹಚ್ಚೀನಿ’ ಎಂದು ತಡೆಯುತ್ತೇನೆ. ಅವ್ವನ ಚಸ್ಮಾ ನಾನೇ ಹುಡುಕಿ ಕೊಟ್ಟು ಬರುತ್ತೇನೆ. ನನ್ನ ಗಾಡಿಗೆ ನಾನೇ ಕಾವಲುಗಾರ, ಅದೂ ಮಧ್ಯಾಹ್ನದ ಝಳದಲ್ಲಿ. ಇದಿಷ್ಟೇ ಆಗಿದ್ದರೆ ನೆಮ್ಮದಿಯಿಂದ ಇರುತ್ತಿದ್ದೆ. ಆದರೆ ಇತ್ತೀಚೆಗೆ ಗಿರಿಜಾ ಒಳಗೆ ಕೂತು ತಿರ್ಲಾಪುರದ ತಂಗಿಗೆ ಫೋನು ಹಚ್ಚುತ್ತಾಳೆ. ಮಾತಾಡುತ್ತಾಳೆ, ನಡುವೆ ನನ್ನ ಕಡೆ ಒಮ್ಮೆ ನೋಡುತ್ತಾಳೆ, ಮತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಗಾಜು ಏರಿರುತ್ತದೆ, ಗಿರಣಿ ತಿರುಗುತ್ತಿರುತ್ತದೆ, ನನಗೆ ಒಂದಕ್ಷರ ಕೇಳುವುದಿಲ್ಲ. ಎಸಿ ತೆಗೆಸಿದ್ದರೆ ಎಲ್ಲ ಕೇಳುತ್ತಿತ್ತು ಎಂದು ಮೊನ್ನೆ ಮೊದಲ ಸಲ ಹೊಳೆಯಿತು. ಹಾಗೆಯೇ ಅವಳತ್ತ ನೋಡುತ್ತ ಕೂತಿದ್ದೆ. ಅವಳು ನಾಲ್ಕು ಬೆರಳು ಹಿಡಿಸುವಷ್ಟು ಗಾಜು ಇಳಿಸಿ, ‘ನಿಮ್ಮ ಸುದ್ದಿ ಅಲ್ರಿ’ ಎಂದು ಹೇಳಿ ಮತ್ತೆ ಏರಿಸಿಕೊಂಡಳು.

ನಾನು ಕೇಳಿಯೇ ಇರಲಿಲ್ಲ. ಕೇಳದೆ ಯಾಕೆ ಹೇಳಿದಳು?