ತವರಿನ ಪರಸಿಗೆ ನಿಂಬೆರಸ

ನಿವೃತ್ತನಾದ ಗಂಡಸಿನಷ್ಟು ಅಪಾಯಕಾರಿಯಾದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಗ್ಯಾಸ್ ಸಿಲಿಂಡರ್ ಸೋರಿದರೆ ವಾಸನೆಯಾದರೂ ಬರುತ್ತದೆ. ನಿವೃತ್ತನ ತಲೆಯಲ್ಲಿ ಹೊಸ ಯೋಜನೆ ಹುಟ್ಟಿದ್ದು ಮಾತ್ರ ಅನಾಹುತ ಆಗುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಪರರ ಮೇಲಿನ ಚಾಡಿಯಲ್ಲ ಇದು, ನನ್ನದೇ ತಪ್ಪೊಪ್ಪಿಗೆ.

ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರದ ಉದ್ಯಮವೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಲ್ಲು, ಅದಿರು ಪರೀಕ್ಷೆ ಮಾಡಿದವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಕಲಿಸುತ್ತಿದ್ದ ಪಾಠ ಒಂದೇ. ಕಲ್ಲಿನ ಮೇಲೆ ಒಂದು ಹನಿ ಆಮ್ಲ ಬಿಡಿ. ಗುಳ್ಳೆ ಎದ್ದರೆ ಅದು ಸುಣ್ಣದಕಲ್ಲು, ಆಮ್ಲ ಅದನ್ನು ತಿನ್ನುತ್ತಿದೆ ಎಂದು ತಿಳಿಯಿರಿ. ಈ ಪಾಠವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಇಡಬೇಕಾಗಿದ್ದ ನಾನು ಇಡಲಿಲ್ಲ.

ಸಿಕಂದರಾಬಾದ್ ಕಡೆ ನಾವು ಮನೆ ಕಟ್ಟಿಸಿದಾಗ ನೆಲಕ್ಕೆ ಹಾಸಲು ನನ್ನ ಹೆಂಡತಿ ಶಾಂತಾಳ ತವರಾದ ಶಹಾಬಾದಿನಿಂದ ಪರಸಿ ಕಲ್ಲು ಬಂತು. ಮಾವನವರು ಖುದ್ದಾಗಿ ಗಣಿಗೆ ಹೋಗಿ, ಒಂದೊಂದನ್ನೂ ಬೆರಳಿನಿಂದ ಬಡಿದು ನೋಡಿ ಆರಿಸಿದ್ದರು. ಶಾಂತಾಳ ತಮ್ಮ ಮಲ್ಲಣ್ಣ ಆ ಕಲ್ಲುಗಳ ಮೇಲೆಯೇ ಕೂತು ಲಾರಿಯಲ್ಲಿ ಬಂದಿದ್ದ. ಈಗ ಮಾವನವರಿಲ್ಲ. ಇಪ್ಪತ್ತು ವರ್ಷ ಒರೆಸಿ ಒರೆಸಿ ಆ ನೆಲ ಹೇಗಾಗಿತ್ತೆಂದರೆ, ಶಾಂತಾ ಅದರಲ್ಲಿ ಮುಖ ನೋಡಿ ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳ ಚಿನ್ನಕ್ಕಿಂತ ಅವಳ ನೆಲಕ್ಕೇ ಹೆಚ್ಚು ಮರ್ಯಾದೆ.

ಇಂಥ ಮನೆಗೆ ನನ್ನ ಮೊಬೈಲಿನ ಮೂಲಕ ನಿಸರ್ಗ ಪ್ರವೇಶಿಸಿತು. ಒಂದು ವಿಡಿಯೋದಲ್ಲಿ, ಕೊಳೆಯೇ ಇಲ್ಲದ ಅಡುಗೆಮನೆಯಲ್ಲಿ ನಿಂತು, ತಲೆ ತುಂಬ ಮಲ್ಲಿಗೆ ಮುಡಿದ ಒಬ್ಬ ಹೆಣ್ಣುಮಗಳು ಕೊಳೆ ತೆಗೆಯುವುದನ್ನು ಕಲಿಸುತ್ತಿದ್ದಳು. ನಿಂಬೆರಸ, ವಿನೆಗರ್, ಅಡುಗೆ ಸೋಡಾ ಇಷ್ಟಿದ್ದರೆ ಸಾಕಂತೆ, ಅಂಗಡಿಯ ಸೀಸೆಗಳೆಲ್ಲ ವಿಷವಂತೆ. ನಾನು ಅಂದೇ ಫಿನಾಯಿಲನ್ನು ಮನೆಯಿಂದ ಗಡಿಪಾರು ಮಾಡಿದೆ. ಸುಲ್ತಾನ್ ಬಜಾರಿಗೆ ಹೋಗಿ ಸಿಂಪಡಿಸುವ ಸೀಸೆಗಳನ್ನೂ ಒಂದು ಚೀಲ ಅಂಟುವಾಳಕಾಯಿಯನ್ನೂ ತಂದೆ. ಕಿತ್ತಳೆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಕೊಳೆಯಲು ಇಟ್ಟೆ. ಕಾಲೊನಿಯ ನೊಣಗಳೆಲ್ಲ ನಮ್ಮ ಮನೆಗೆ ನೆಂಟಸ್ತನಕ್ಕೆ ಬಂದವು. ಕನ್ನಡ ಸಂಘದ ಕಾರ್ಯದರ್ಶಿಗೆ ಫೋನು ಮಾಡಿ, ಈ ವಿಷಯವಾಗಿ ನಾನೊಂದು ಉಪನ್ಯಾಸ ಕೊಡಲು ಸಿದ್ಧ ಎಂದೂ ಹೇಳಿಬಿಟ್ಟೆ. ಅವರಿಗೆ ತುರ್ತಾಗಿ ಇನ್ನೊಂದು ಫೋನು ಬಂತು.

"ನಿಂಬಿಹಣ್ಣೆಲ್ಲಾ ನೆಲಕ್ಕ ಹಾಕಿದ್ರ ಉಪ್ಪಿಟ್ಟಿಗೆ ಏನು ಫಿನಾಯಿಲ್ ಹಿಂಡ್ಲೇನ್ರಿ?" ಎಂದಳು ಶಾಂತಾ.

ವಿಜ್ಞಾನಕ್ಕೆ ಇಂಥ ವಿರೋಧ ಹೊಸದಲ್ಲ ಎಂದು ನಾನು ನಿಂಬೆ ಹಿಂಡತೊಡಗಿದೆ. ಹನ್ನೆರಡು ವರ್ಷದಿಂದ ನಮ್ಮ ಮನೆ ಒರೆಸುವ ಯಾದಮ್ಮ ಕೂಡ ತೆಲುಗಿನಲ್ಲಿ, ಸಾರ್, ಬೇಡ, ಗಚ್ಚಿಬೌಲಿಯ ಒಂದು ಮನೆಯಲ್ಲಿ ಹೀಗೆ ಮಾಡಿ ಕಲ್ಲೆಲ್ಲ ಬೆಳ್ಳಗಾಯಿತು ಎಂದಳು. ನಾನು ಅವಳಿಗೆ ಕಾಲು ಗಂಟೆ ರಸಾಯನಶಾಸ್ತ್ರ ಹೇಳಿದೆ. ಅವಳು ಪೊರಕೆ ಹಿಡಿದು ನಿಂತು ಕೇಳಿದಳು, ಪಾಪ.

ಆ ವಿಡಿಯೋದವಳು ಸೋಡಾವನ್ನೂ ಬೆರೆಸುತ್ತಿದ್ದಳು. ಸೋಡಾ ಬೆರೆಸಿದರೆ ಆಮ್ಲದ ಸತ್ವ ಹೋಗುತ್ತದೆ ಎಂಬುದು ಅವಳಿಗೆ ತಿಳಿಯದು, ನನಗೆ ತಿಳಿದಿತ್ತು. ಆದ್ದರಿಂದ ಸೋಡಾ ಬಿಟ್ಟೆ. ಓದಿ ಓದಿ ಮರುಳಾದ ಕೂಚುಭಟ್ಟ ಎನ್ನುವುದು ಇದಕ್ಕೇ. ಶಾಂತಾ ಸಂತೆಗೆ ಹೋದಾಗ ನಡುಮನೆಗೆಲ್ಲ ಸಿಂಪಡಿಸಿ ಅರ್ಧ ಗಂಟೆ ಬಿಟ್ಟೆ. ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಮೂವತ್ತು ವರ್ಷ ಆ ಗುಳ್ಳೆಗಳನ್ನು ನೋಡಿದ ಕಣ್ಣು ನನ್ನದು! ಬಾಗಿಲಲ್ಲಿ ಕಾಲಿಟ್ಟ ಶಾಂತಾಳಿಗೆ ಹೆಮ್ಮೆಯಿಂದ ತೋರಿಸಿದೆ: "ನೋಡು, ಹೊಲಸು ಹೆಂಗ ಹೊರಗ ಬರಾಕತ್ತೈತಿ!"

ಒರೆಸಿದ ಮೇಲೆ ನೆಲ ಬೂದಿ ಎರಚಿದಂತೆ ಕಂಡಿತು. ಅಲ್ಲಲ್ಲಿ ಬಿಳಿ ಮಚ್ಚೆ. ಹೊಳಪೆಲ್ಲ ಹೋಗಿತ್ತು. ಶಾಂತಾ ಬಗ್ಗಿ ನೋಡಿದಳು, ಮುಖ ಕಾಣಲಿಲ್ಲ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

"ಆಫೀಸಿನಾಗ ಮೂವತ್ತು ವರ್ಷ ಏನ್ ಮಾಡಿದ್ರಿ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಆ ಭಾನುವಾರವೇ ಮಲ್ಲಣ್ಣ ಬಂದ. ನಾನು ನಡುಮನೆಗೆ ಜಮಖಾನ ಹಾಸಿ, ಅದರ ಮೇಲೆ ಇನ್ನೊಂದು ಜಮಖಾನ ಹಾಸಿ, ನಡುವೆ ಕೂತುಬಿಟ್ಟೆ. ಕಲ್ಲಿನ ಊರಿನವನು ಕೂತವನೇ ಮೊದಲು ನೆಲ ಮುಟ್ಟುತ್ತಾನೆ. ಜಮಖಾನದ ಅಂಚು ಎತ್ತಿದ. "ಅಪ್ಪನ ಕಲ್ಲಿಗಿ ಏನಾತ್ರಿ ಮಾಮಾ?" ಎಂದ.

ಆಗ ನಾನು ಮಾಡಿದ ಕೆಲಸಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. "ಕೆಲಸದಾಕಿ ಏನೋ ಹಾಕಿಬಿಟ್ಲಪಾ," ಎಂದೆ.

ಹನ್ನೆರಡು ವರ್ಷದಲ್ಲಿ ಯಾದಮ್ಮನಿಗೆ ಕನ್ನಡ ಪೂರ್ತಿ ಬಂದಿದೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಔ ಅನ್ನಾ, ನೇನೇ ಚೇಸಿನ. ಸಾರು ಸದುವುಕುನ್ನೋಡು, ಗಿಟ್ಲ ಚೇಸ್ತಡಾ?" ಎಂದಳು. ಅಂದರೆ, ಹೌದಣ್ಣಾ, ನಾನೇ ಮಾಡಿದೆ, ಓದಿದ ಸಾಹೇಬರು ಇಂಥದ್ದು ಮಾಡುತ್ತಾರೆಯೇ? ಅಷ್ಟು ಹೇಳಿ, ಕಿಟಕಿಯಲ್ಲಿದ್ದ ನನ್ನ ಸಿಂಪಡಿಸುವ ಸೀಸೆಯನ್ನು ತೆಗೆದು ಚಹಾದ ಜೊತೆಗೇ ಅವನ ಮುಂದಿಟ್ಟಳು.

ಪ್ರಯೋಗಾಲಯದ ಶಿಸ್ತು ರಕ್ತದಲ್ಲಿ ಇಳಿದಿರುತ್ತದೆ. ಸೀಸೆಗೆ ನಾನು ಚೀಟಿ ಅಂಟಿಸಿದ್ದೆ. ನಮೂನೆ ಸಂಖ್ಯೆ ಮೂರು, ನಿಂಬೆರಸ ಇಷ್ಟು, ವಿನೆಗರ್ ಇಷ್ಟು, ಸೋಡಾ ಇಲ್ಲ. ಕೆಳಗೆ 'ತಯಾರಿಸಿದವರು' ಎಂದು ಬರೆದು ಪೂರ್ತಿ ಹೆಸರು, ಸಹಿ.

ಮಲ್ಲಣ್ಣ ನಿಧಾನವಾಗಿ ಓದಿದ. "ಅಕ್ಷರ ಭಾಳ ದುಂಡಗ ಅದಾವ್ರಿ ಮಾಮಾ," ಎಂದು ಚಹಾ ಕುಡಿದ.

ಯಾದಮ್ಮನ ಮುಂದೆ ಕೈಮುಗಿದು ತಪ್ಪಾಯಿತು ಎಂದೆ. ಅವಳು ನಕ್ಕು, ಒರೆಸುವ ಬಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ಈಗ ದಿನಾ ಬರೀ ನೀರಿನಲ್ಲಿ ನಾನೇ ನೆಲ ಒರೆಸುತ್ತೇನೆ, ಮೂಲೆ ಬಿಟ್ಟರೆ ಅವಳು ತೋರಿಸುತ್ತಾಳೆ. ಸೀಸೆಯನ್ನು ಎಸೆಯಲು ಮಾತ್ರ ಶಾಂತಾ ಬಿಟ್ಟಿಲ್ಲ, ಮತ್ತೆ ಕಿಟಕಿಯಲ್ಲೇ ಇಟ್ಟಿದ್ದಾಳೆ. ಬಂದವರು ನೆಲ ಯಾಕೆ ಹೀಗಾಯಿತು ಎಂದು ಕೇಳಿದರೆ ಅವಳು ನನ್ನ ಹೆಸರು ಹೇಳುವುದಿಲ್ಲ, ಎಷ್ಟಾದರೂ ಪತಿವ್ರತೆ. ಕಿಟಕಿಯ ಕಡೆ ಕೈ ತೋರಿಸಿ, "ಓದಿಕೊಳ್ರಿ," ಎನ್ನುತ್ತಾಳೆ.