ಐದನೇ ಮನೆಯ ಜೋಗ

ಹೆಂಡತಿಯೊಳಗೆ ದೇವಿ ಮಲಗಿದ್ದಾಳೆಂದು ಯಾರಾದರೂ ಹೇಳಿದರೆ ಅಲ್ಲವೆನ್ನುವವನು ನಾನಲ್ಲ. ಎಬ್ಬಿಸುವ ಮುಂಚೆ ಗಂಡನನ್ನು ಒಂದು ಮಾತು ಕೇಳಲಿ ಎಂಬುದಷ್ಟೇ ನನ್ನ ತಕರಾರು. ಹುನಗುಂದದ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾಗಿ ಬಾದಾಮಿಯಲ್ಲಿ ಮನೆ ಮಾಡಿರುವ ನನಗೆ ಈಗ ಉಳಿದಿರುವ ಆಸ್ತಿಯೆಂದರೆ ಓಣಿಯೊಳಗಿನ ಮರ್ಯಾದೆಯೊಂದೇ.

ನನ್ನ ಹೆಂಡತಿ ಶಾಂತಾ ಮೊಬೈಲಿನಲ್ಲೇ ‘ದಿವ್ಯ ಸ್ತ್ರೀಶಕ್ತಿ ಶಿಬಿರ’ ಸೇರಿದಳು. ಪುಣೆಯ ಮೇಡಂ ಒಬ್ಬರು ದಿನಾ ಬೆಳಿಗ್ಗೆ ಪುರಾತನ ದೇವಿಯರನ್ನು ಎಬ್ಬಿಸುತ್ತಿದ್ದರು. ನನ್ನ ಚಹಾ ತಡವಾಗುತ್ತಿತ್ತು. ಕೊನೆಯ ಪಾಠ ‘ಅಹಂಕಾರ ಕರಗಿಸುವ ಸಾಧನೆ’. ಮಂಗಳವಾರ ಬುಟ್ಟಿ ಹಿಡಿದು, ತುಟಿ ಬಿಚ್ಚದೆ, ಐದು ಮನೆಗಳಲ್ಲಿ ಹಿಟ್ಟು ಬೇಡಬೇಕು. ಐದು ತುಂಬದಿದ್ದರೆ ಮುಂದಿನ ವಾರ ಮತ್ತೆ ಮೊದಲಿನಿಂದ. ಅಲ್ಲರೀ, ಇದು ನಮ್ಮಜ್ಜಿ ಎಲ್ಲವ್ವನ ಹೆಸರಿನಲ್ಲಿ ಬೇಡುತ್ತಿದ್ದ ಜೋಗವೇ! ಅಜ್ಜಿ ‘ಉಧೋ’ ಎಂದರೆ ಊರ ಅಗಸಿ ಬಾಗಿಲವರೆಗೆ ಕೇಳುತ್ತಿತ್ತು. ಗೊಡ್ಡು ರೂಢಿಯೆಂದು ನಮ್ಮ ಮನೆಯಲ್ಲಿ ಬಿಟ್ಟದ್ದು ಈಗ ಪುಣೆಗೆ ಹೋಗಿ, ಇಂಗ್ಲಿಷ್ ಕಲಿತು, ದನಿ ಇಳಿಸಿಕೊಂಡು ತಿರುಗಿ ಬಂದಿತ್ತು.

“ಶಿರಸ್ತೇದಾರರ ಹೆಂಡ್ತಿ ಓಣ್ಯಾಗ ಹಿಟ್ಟ ಬೇಡತಾಳಂದ್ರ ಮಂದಿ ಏನಂದಾರು?” ಎಂದೆ.

“ಹಿಟ್ಟ ಹಾಕ್ಯಾರು” ಎಂದಳು.

ನಾನೇನು ಸುಮ್ಮನೆ ಕೂರುವ ಪೈಕಿಯೇ? ನಮ್ಮದು ಬಿಟ್ಟರೆ ಓಣಿಯಲ್ಲಿರುವುದು ಐದೇ ಮನೆ. ಸೋಮವಾರ ಸಂಜೆ ಐದಕ್ಕೂ ಹೋಗಿ, ನಾಳೆ ಬಾಗಿಲು ತೆರೆಯಬೇಡಿರೆಂದು ಕೇಳಿಕೊಂಡೆ. ನಾಲ್ಕು ಮನೆಯ ಹೆಂಗಸರು ನಕ್ಕು, ಚಹಾ ಕುಡಿಸಿ ಕಳಿಸಿದರು. ಮಾತು ಉಳಿಸಿಕೊಂಡವನು ಗೆಳೆಯ ವೀರಭದ್ರಪ್ಪನೊಬ್ಬನೇ. ಬೆಳಿಗ್ಗೆಯೇ ಕೀಲಿ ಹಾಕಿ ಹೆಂಡತಿಯನ್ನೂ ಕರೆದುಕೊಂಡು ಕುಳಗೇರಿ ಕ್ರಾಸಿಗೆ ಹೋಗಿಬಿಟ್ಟ. ಒಂದು ಮನೆ ತಪ್ಪಿದರೆ ಇವಳಿಗೇ ಬೇಸರ ಬಂದು ಕೈಬಿಡುತ್ತಾಳೆಂದು ನಾನು ಹಿಗ್ಗಿದೆ.

ಊಟದ ಹೊತ್ತಿಗಿಂತ ಮುಂಚೆ ಬಾಗಿಲಲ್ಲಿ ನೆರಳು ಬಿತ್ತು. ಇಳಕಲ್ ಸೀರೆಯ ಸೆರಗು ಹೊದ್ದು, ಬುಟ್ಟಿ ಹಿಡಿದು ಶಾಂತಾ ನಿಂತಿದ್ದಳು. ಹಿಂದೆ ಆ ನಾಲ್ಕೂ ಹೆಂಗಸರು. ವೀರಭದ್ರಪ್ಪನ ಮನೆಗೆ ಕೀಲಿ ಬಿದ್ದದ್ದರಿಂದ ಐದನೆಯದು ನಮ್ಮ ಮನೆಯೇ ಆಗಿತ್ತು. ಅವಳ ಮುಖ ನೋಡಿದರೆ ಕೈಬಿಡುವ ಲಕ್ಷಣವಿರಲಿಲ್ಲ. ಇಲ್ಲಿ ಹಿಟ್ಟು ಬೀಳದಿದ್ದರೆ ಬರುವ ಮಂಗಳವಾರ ಮತ್ತೆ ಇದೇ ಮೆರವಣಿಗೆ! ಅಡುಗೆಮನೆಗೆ ಓಡಿದೆ. ಒಂದು ಡಬ್ಬಿಯಲ್ಲಿ ಶೇಂಗಾ, ಒಂದರಲ್ಲಿ ಗುರೆಳ್ಳು ಚಟ್ನಿ, ಇನ್ನೊಂದರಲ್ಲಿ ಕಳೆದುಹೋಗಿದ್ದ ನನ್ನ ಕನ್ನಡಕ. ದಿನಾ ಎರಡು ಹೊತ್ತು ರೊಟ್ಟಿ ತಿನ್ನುವ ಮನುಷ್ಯನಿಗೆ ಜೋಳದ ಹಿಟ್ಟು ಸಿಗಲೊಲ್ಲದು. ಹೊರಬಂದು ಕೈಮುಗಿದು, ತಾಯಿ, ಹಿಟ್ಟು ಎಲ್ಲಿಟ್ಟೀ ಎಂದು ಕೇಳಿದೆ. ಸಾಧನೆಯಲ್ಲಿ ತುಟಿ ಬಿಚ್ಚುವಂತಿಲ್ಲವಲ್ಲ! ದೇವಿ ಕಣ್ಣು ಕೂಡ ಮಿಟುಕಿಸಲಿಲ್ಲ.

ಕಡೆಗೆ ಆ ಹೆಂಗಸರಲ್ಲಿ ಒಬ್ಬಳಾದ, ಪಕ್ಕದ ಮನೆಯ ಮೆಹಬೂಬಿಗೆ ಕನಿಕರ ಬಂತು. “ಸಾಹೇಬ್ರ, ಒಲಿ ಬಾಜೂಕ ಕೆಳಗ ದೊಡ್ಡ ಡಬ್ಬಿ ಐತಿ ನೋಡ್ರಿ” ಎಂದಳು. ಇತ್ತು. ಬೊಗಸೆ ತುಂಬಿ ತಂದು ಹಾಕಿದೆ. ಅರ್ಧ ನನ್ನ ಅಂಗಿಯ ಮೇಲೆಯೇ ಬಿತ್ತು.

ಸಂಜೆ ಐದೂ ಮನೆಯ ಹಿಟ್ಟು ಕಲಸಿ ರೊಟ್ಟಿ ಬಡಿದು ನನ್ನ ತಾಟಿಗೆ ಹಾಕಿದಳು. ಅಹಂಕಾರ ಕರಗಿತೋ ಇಲ್ಲವೋ ಎಂದು ಕೊಂಕಾಗಿ ಕೇಳಿದೆ.

“ಅದೇನೋ ಗೊತ್ತಿಲ್ರಿ. ನಾಕ ಮನ್ಯಾಗ ಹೋಗಿ ನಿಂತಕೂಡ್ಲೆ ಹಾಕಿದ್ರು. ನಮ್ಮ ಮನ್ಯಾಗಷ್ಟ ಭಾಳೊತ್ತು ನಿಂದ್ರಬೇಕಾತು” ಎಂದಳು.

ರೊಟ್ಟಿ ಬಿಸಿಯಾಗಿತ್ತು, ರುಚಿಯಾಗಿತ್ತು, ಇನ್ನೊಂದು ಬೇಕಾಗಿತ್ತು. ಕೇಳಲು ಬಾಯಿ ಬರಲಿಲ್ಲ. ಖಾಲಿ ತಾಟು ಮುಂದಿಟ್ಟುಕೊಂಡು, ಅವಳಾಗಿಯೇ ಹಾಕಿಯಾಳೆಂದು ಕಾಯುತ್ತ ಕೂತೆ.