ಪಾಠ ಇಲ್ಲದಿರುವುದೂ ಸಾಧ್ಯ

ತರ್ಕಶಾಸ್ತ್ರದಲ್ಲಿ ನನ್ನ ಹೆಸರು ಎತ್ತಿದರೆ ಅಮೆರಿಕದ ದೊಡ್ಡ ದೊಡ್ಡ ಪ್ರೊಫೆಸರುಗಳು ಎದ್ದು ನಿಲ್ಲುತ್ತಾರೆ. ಸುಳ್ಳು. ಹೇವರ್ಡಿನ ಒಂದು ಕಾಲೇಜಿನಲ್ಲಿ ನಾನು ಗುತ್ತಿಗೆ ಮೇಷ್ಟ್ರು. ಟರ್ಮು ಮುಗಿದಾಗಲೆಲ್ಲ ಕೆಲಸವೂ ಮುಗಿಯುತ್ತದೆ, ಅವರು ಮತ್ತೆ ಕರೆದರೆ ಉಂಟು. ಕಲಿಸುವುದು ಇಷ್ಟೇ: ಯಾವುದು ಸಾಧ್ಯ, ಯಾವುದು ಅನಿವಾರ್ಯ, ಯಾವುದು ಸುಮ್ಮನೆ ಹಾಗಾಗಿಬಿಟ್ಟ ಸತ್ಯ. ಇಲ್ಲಿ ಆಗದೇ ಹೋದರೂ ಆಗಬಹುದಾಗಿದ್ದದ್ದೆಲ್ಲ ಬೇರೊಂದು ‘ಸಾಧ್ಯ ಲೋಕ’ದಲ್ಲಿ ಆಗಿರುತ್ತದೆ ಅನ್ನುವುದು ನಮ್ಮ ಶಾಸ್ತ್ರದ ಲೆಕ್ಕ. ಇದನ್ನು ಕಲಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ.

೧. ಹಾಜರಿ

ಕ್ಲಾಸಿಗೆ ಸರಿಯಾಗಿ ಬಾರದ ನಮ್ಮ ಕನ್ನಡದ ಹುಡುಗಿಯೊಬ್ಬಳು ಪರೀಕ್ಷೆ ಹತ್ತಿರವಾದಾಗ ಬಂದಳು.

‘ಸರ್, ಯಾವುದೋ ಒಂದು ಸಾಧ್ಯ ಲೋಕದಲ್ಲಿ ನಾನು ಎಲ್ಲಾ ಕ್ಲಾಸಿಗೂ ಬಂದಿದೀನಿ ಅಲ್ವಾ?’

‘ಬಂದಿದೀಯಮ್ಮ. ಆ ಲೋಕದಲ್ಲಿ ನೀನು ಪಾಸು ಕೂಡ.’

೨. ಗುಡ್ಡದ ಮೇಲಿನ ಮನೆ

‘ಮುಂದಿನ ಟರ್ಮಿಗೆ ಕರೆದ್ರಾ?’ ಅಂತ ಹೆಂಡತಿ ಕೇಳಿದಳು.

‘ಗುರುವಾರ ನಮ್ಮ ವಿಭಾಗದ ಮುಖ್ಯಸ್ಥೆ ಪಾಠ ನೋಡೋಕೆ ಬರ್ತಾರೆ. ಹಿಡಿಸಿದ್ರೆ ಕರೀತಾರೆ. ಸಾಧ್ಯ.’

‘ಬರೀ ಸಾಧ್ಯನಾ?’

‘ಎರಡಕ್ಕೆ ಎರಡು ಸೇರಿದ್ರೆ ನಾಲ್ಕು, ಅದೊಂದೇ ಕಣೇ ಅನಿವಾರ್ಯ. ನೀನು ನನ್ನ ಮದುವೆಯಾಗಿದ್ದೂ ನಿಜ, ಆಗದೇನೂ ಇರಬಹುದಿತ್ತು.’

ಅವಳು ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದ ಆಫೀಸಿನ ಮೀಟಿಂಗು ಮ್ಯೂಟ್ ಮಾಡಿದಳು. ‘ಅದಕ್ಕೆ ಶಾಸ್ತ್ರ ಬೇಕಾ? ನಿಮಗಿಂತ ಮೊದಲು ನನ್ನ ನೋಡೋಕೆ ಬಂದಿದ್ದ ಡಾಕ್ಟರು ಇಲ್ಲೇ ಸರಟೋಗಾದಲ್ಲಿದಾನೆ, ದುಡ್ಡಿರೋರ ಊರು, ಗುಡ್ಡದ ಮೇಲೆ ಮನೆ. ಆ ಲೋಕದ ಅಡ್ರೆಸ್ಸೇ ನನಗೆ ಗೊತ್ತು.’

೩. ಬಾಗಿಲ ಮೇಲಿನ ಚೀಟಿ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರಂತೆ. ಗುರುವಾರ ಕ್ಲಾಸಿನ ಬಾಗಿಲಿಗೆ ಚೀಟಿ ಅಂಟಿಸಿದೆ: ‘ಇವತ್ತು ಪಾಠ ಇಲ್ಲದಿರುವುದೂ ಸಾಧ್ಯ.’ ಇಲ್ಲದಿರುವುದು ಸಾಧ್ಯ ಅಂದ ಮಾತ್ರಕ್ಕೆ ಪಾಠ ಇಲ್ಲ ಅಂತ ಅರ್ಥವಲ್ಲ. ಇಡೀ ಟರ್ಮು ಕಲಿಸಿದ್ದು ಅದನ್ನೇ. ಕಲಿತವರು ಒಳಗೆ ಬರುತ್ತಾರೆ, ಮುಖ್ಯಸ್ಥೆ ನೋಡಿ ಮೆಚ್ಚುತ್ತಾರೆ ಅಂದುಕೊಂಡೆ.

ಒಳಗೆ ಬಂದದ್ದು ಮುಖ್ಯಸ್ಥೆ ಒಬ್ಬರೇ. ಮೈಸೂರಿನವರು, ದನಿ ಎತ್ತುವುದೇ ಇಲ್ಲ.

‘ಎಲ್ರೀ ಮಕ್ಕಳು?’

‘ಚೀಟಿ ಓದಿ ಹೊರಟುಹೋದ್ರು, ಮೇಡಂ.’

‘ಇಷ್ಟು ದಿನ ಏನು ಕಲಿಸಿದ್ರಿ?’

‘ಅಂಥ ಚೀಟಿ ಓದಿ ಹೊರಟುಹೋಗಬಾರದು ಅಂತ.’

ಅವರು ಖಾಲಿ ಕುರ್ಚಿಗಳನ್ನು ನೋಡಿದರು, ಚೀಟಿ ಕಿತ್ತು ನನ್ನ ಕೈಗಿಟ್ಟರು.

‘ಮೇಡಂ, ಇದು ಬೇರೆ ಥರಾನೂ ಆಗಬಹುದಿತ್ತು.’

‘ಖಂಡಿತ ಆಗಬಹುದಿತ್ತು. ಆ ಲೋಕದಲ್ಲಿ ನಿಮ್ಮನ್ನ ಮತ್ತೆ ಕರೆದಿದೀನಿ.’

ಟರ್ಮು ಮುಗಿಯಿತು, ಕೆಲಸವೂ ಮುಗಿಯಿತು. ಹೆಂಡತಿಗೆ ಇನ್ನೂ ಹೇಳಿಲ್ಲ. ಕಾಲೇಜಿಗೆ ಹೊರಟವನ ಹಾಗೆ ಇಸ್ತ್ರಿ ಷರ್ಟು ಹಾಕಿಕೊಂಡು, ಸ್ಯಾನ್ ರಮೋನಿನ ಮನೆಯಿಂದ ಫ್ರೀವೇ ಹಿಡಿದು, ದಿನಾ ಈ ಟೀ ಅಂಗಡಿಗೆ ಬಂದು ಕೂರುತ್ತೇನೆ. ನಿಮ್ಮಂಥವರು ಯಾರಾದರೂ ಸಿಕ್ಕುತ್ತಾರೆ. ಬಿಲ್ಲು ಬಂತು ನೋಡಿ. ನಾನು ಕೊಡುವುದು ಸಾಧ್ಯ. ನೀವು ಕೊಡುವುದು ಅನಿವಾರ್ಯ.